ಠೇವಣಿಗೆ ವಿಮೆ ಇದ್ದರೆ ಬ್ಯಾಂಕಿನ ಬಡ್ಡಿದರದ ಅಪಾಯ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನಾನು ಧಾರವಾಡದಲ್ಲಿ ಎಂ.ಕಾಂ. ಓದುತ್ತಿದ್ದೇನೆ. ಠೇವಣಿ ವಿಮೆ ಇರುವುದರಿಂದ ಠೇವಣಿದಾರರು ಗಾಬರಿಯಾಗಿ ಹಣ ತೆಗೆಯುವುದಿಲ್ಲ, ಆದ್ದರಿಂದ ಬ್ಯಾಂಕಿನ ಬಡ್ಡಿದರದ ಅಪಾಯ ಕಡಿಮೆಯಾಗುತ್ತದೆ ಎಂದು ನಮ್ಮ ಪ್ರಾಧ್ಯಾಪಕರೊಬ್ಬರು ಹೇಳಿದರು. ವಿಮೆಯ ಧೈರ್ಯದಿಂದಲೇ ಬ್ಯಾಂಕುಗಳು ಹೆಚ್ಚು ಅಪಾಯ ಹೊರುತ್ತವೆ ಎಂದು ಇನ್ನೊಬ್ಬರು ಹೇಳಿದರು. ಇವುಗಳಲ್ಲಿ ಯಾವುದು ಸರಿ? ನಮ್ಮ ದೇಶದಲ್ಲಿ 5 ಲಕ್ಷ ರೂಪಾಯಿಯ ಮಿತಿಯನ್ನು ಇನ್ನೂ ಹೆಚ್ಚಿಸಿದರೆ ಒಳ್ಳೆಯದೇ?

ಉತ್ತರ: ನಿಮ್ಮ ಇಬ್ಬರು ಪ್ರಾಧ್ಯಾಪಕರೂ ಒಂದೇ ವಸ್ತುವನ್ನು ಎರಡು ಕಡೆಯಿಂದ ನೋಡಿದ್ದಾರೆ, ಮತ್ತು ಇಬ್ಬರೂ ಸರಿ. ಆದರೆ ಇಬ್ಬರ ಮಾತನ್ನೂ ಕೂಡಿಸಿ ಅರ್ಧಕ್ಕೆ ಹಂಚಿದರೆ ಉತ್ತರ ಸಿಗುವುದಿಲ್ಲ. ಠೇವಣಿ ವಿಮೆಯು, ಅಂದರೆ ಬ್ಯಾಂಕು ಮುಳುಗಿದರೆ ಒಂದು ಮಿತಿಯವರೆಗೆ ಠೇವಣಿಯನ್ನು ಮರಳಿಸುವ ಏರ್ಪಾಡು, ಬಡ್ಡಿದರದ ಅಪಾಯವನ್ನು ಅಳಿಸುವುದಿಲ್ಲ; ಆ ಅಪಾಯದಿಂದಾದ ನಷ್ಟವು ಯಾರ ಕಣ್ಣಿಗೆ, ಯಾವಾಗ ಬೀಳಬೇಕು ಎಂಬುದನ್ನು ಅದು ಬದಲಿಸುತ್ತದೆ. ಇದನ್ನು ಅಂಕಿಗಳಲ್ಲಿ ನೋಡದೆ ಮಾತಿನಲ್ಲೇ ಹೇಳಿದರೆ ಮನಸ್ಸಿಗೆ ಹತ್ತುವುದಿಲ್ಲವಾದ್ದರಿಂದ, ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ.

ಒಟ್ಟು 100 ಕೋಟಿ ರೂಪಾಯಿ ಆಸ್ತಿಯಿರುವ ಒಂದು ಬ್ಯಾಂಕನ್ನು ಕಲ್ಪಿಸಿಕೊಳ್ಳಿ. ಅದರಲ್ಲಿ 60 ಕೋಟಿ ಹತ್ತು ವರ್ಷ ಅವಧಿಯ, ವರ್ಷಕ್ಕೆ ಶೇ 7ರ ಬಡ್ಡಿ ಕೊಡುವ ಸರ್ಕಾರಿ ಸಾಲಪತ್ರಗಳಲ್ಲಿದೆ. ಉಳಿದ 40 ಕೋಟಿ, ಬಡ್ಡಿದರ ಆಗಾಗ ಬದಲಾಗುವ ಸಾಲಗಳಲ್ಲಿದೆ. ಇನ್ನೊಂದು ಬದಿಯಲ್ಲಿ 8 ಕೋಟಿ ಬಂಡವಾಳ, 92 ಕೋಟಿ ಠೇವಣಿ. ಮಾರುಕಟ್ಟೆಯ ದರ ಶೇ 7ರಿಂದ ಶೇ 9ಕ್ಕೆ ಏರಿತು ಎನ್ನಿ. ಹೊಸ ಸಾಲಪತ್ರ ಶೇ 9 ಕೊಡುವಾಗ ಶೇ 7ರ ಹಳೆಯ ಪತ್ರವನ್ನು ಯಾರೂ ಮುಖಬೆಲೆಗೆ ಕೊಳ್ಳುವುದಿಲ್ಲ; 100 ರೂಪಾಯಿಯ ಪತ್ರದ ಬೆಲೆ ಸುಮಾರು 87 ರೂಪಾಯಿ 16 ಪೈಸೆಗೆ ಇಳಿಯುತ್ತದೆ. 60 ಕೋಟಿಯ ಮೇಲೆ ಇದು 7 ಕೋಟಿ 70 ಲಕ್ಷದ ನಷ್ಟ. ಎಂಟು ಕೋಟಿ ಬಂಡವಾಳದಲ್ಲಿ ಉಳಿಯುವುದು 30 ಲಕ್ಷ ಮಾತ್ರ. ಒಬ್ಬ ಸಾಲಗಾರನೂ ಕಂತು ತಪ್ಪಿಸಿಲ್ಲ, ಎಲ್ಲಿಯೂ ಮೋಸವಾಗಿಲ್ಲ, ಸರ್ಕಾರ ಬಡ್ಡಿಯನ್ನು ತಪ್ಪದೆ ಕೊಡುತ್ತಿದೆ. ಆದರೂ ಬಂಡವಾಳ ಕರಗಿಹೋಗಿದೆ. ಬಡ್ಡಿದರದ ಅಪಾಯವೆಂದರೆ ಇದು.

ಈಗ ಠೇವಣಿಯ ಕಡೆಗೆ ತಿರುಗೋಣ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಲೆನಾಡಿನ ಒಂದು ಶಾಖೆಯಲ್ಲಿದ್ದೆ. ಅಡಿಕೆ ಮಾರಿದ ಹಣವನ್ನು ಬೆಳೆಗಾರರು ಉಳಿತಾಯ ಖಾತೆಗೆ ಹಾಕಿ, ಪಾಸ್‌ಬುಕ್ ತುಂಬಿಸಿಕೊಂಡು, ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡು ಹೋಗುತ್ತಿದ್ದರು. "ಎಫ್‌ಡಿ ಮಾಡಿಬಿಡಿ ಹೆಗಡೇರೆ, ಬಡ್ಡಿ ಜಾಸ್ತಿ ಸಿಗುತ್ತೆ" ಎಂದು ಮ್ಯಾನೇಜರು ಹೇಳಿದರೆ, "ಇರ್ಲಿ ಬಿಡಿ ಸಾರ್, ಮಳೆಗಾಲದ ಖರ್ಚಿಗೆ ಯಾವಾಗ ಬೇಕಾಗ್ತದೋ" ಎಂಬ ಉತ್ತರ ಬರುತ್ತಿತ್ತು. ಆ ಹಣ ಕಾನೂನಿನ ಪ್ರಕಾರ ಕೇಳಿದ ಕೂಡಲೇ ಕೊಡಬೇಕಾದದ್ದು. ನಡತೆಯಲ್ಲಿ ವರ್ಷಗಟ್ಟಲೆ ಅಲ್ಲೇ ಇರುತ್ತಿತ್ತು. ಬಡ್ಡಿಯ ದರ ಏರಲಿ, ಇಳಿಯಲಿ, ಅದು ಕದಲುತ್ತಿರಲಿಲ್ಲ.

ನಮ್ಮ ಕಲ್ಪನೆಯ ಬ್ಯಾಂಕಿನ 92 ಕೋಟಿಯಲ್ಲಿ 40 ಕೋಟಿ ಇಂತಹ ಉಳಿತಾಯದ ಹಣ, ಅದಕ್ಕೆ ಕೊಡುವ ಬಡ್ಡಿ ಶೇ 3 ಎಂದುಕೊಳ್ಳಿ. ಶೇ 7 ಮತ್ತು ಶೇ 3ರ ನಡುವಿನ ಅಂತರವನ್ನೆಲ್ಲ ಶಾಖೆ, ಸಿಬ್ಬಂದಿ, ಕಂಪ್ಯೂಟರುಗಳ ಖರ್ಚೇ ತೆಗೆದುಕೊಳ್ಳುತ್ತಿತ್ತು ಎಂದೂ ಇಟ್ಟುಕೊಳ್ಳೋಣ. ಮಾರುಕಟ್ಟೆಯ ದರ ಶೇ 9ಕ್ಕೆ ಏರಿದಾಗ ಉಳಿತಾಯದ ದರ ಶೇ 3ರಲ್ಲೇ ನಿಂತರೆ, ಬ್ಯಾಂಕಿಗೆ ಈ 40 ಕೋಟಿಯ ಮೇಲೆ ವರ್ಷಕ್ಕೆ 80 ಲಕ್ಷ ಹೆಚ್ಚುವರಿ ಲಾಭ ಸಿಗುತ್ತದೆ. ಹತ್ತು ವರ್ಷಗಳ ಈ ಲಾಭವನ್ನು ಶೇ 9ರ ದರದಲ್ಲಿ ಇಂದಿನ ಮೌಲ್ಯಕ್ಕೆ ತಂದರೆ ಸುಮಾರು 5 ಕೋಟಿ 13 ಲಕ್ಷವಾಗುತ್ತದೆ. ಸಾಲಪತ್ರದಲ್ಲಿ ಆದ 7 ಕೋಟಿ 70 ಲಕ್ಷದ ನಷ್ಟದಲ್ಲಿ ಇದನ್ನು ಕಳೆದರೆ ಉಳಿಯುವ ನಿಜವಾದ ಪೆಟ್ಟು 2 ಕೋಟಿ 57 ಲಕ್ಷ. ಆ ಪೆಟ್ಟನ್ನು ಬ್ಯಾಂಕು ತಡೆದುಕೊಳ್ಳಬಲ್ಲದು. ಅಂದರೆ, ಬಡ್ಡಿಯನ್ನು ಬೆನ್ನಟ್ಟದ ಠೇವಣಿಯು ಮೇಲುನೋಟಕ್ಕೆ ಒಂದು ದಿನದ ಹೊಣೆಯಾಗಿ ಕಂಡರೂ ನಡತೆಯಲ್ಲಿ ದೀರ್ಘಾವಧಿಯ ಸ್ಥಿರದರದ ಹೊಣೆಯೇ ಆಗಿದ್ದು, ದೀರ್ಘಾವಧಿಯ ಆಸ್ತಿಯಿಂದ ಬರುವ ನಷ್ಟಕ್ಕೆ ಎದುರು ತೂಕವಾಗಿ ನಿಲ್ಲುತ್ತದೆ. ಅವಧಿಗಳ ಅಂತರ ಅಷ್ಟು ದೊಡ್ಡದಿದ್ದರೂ ಎಷ್ಟೋ ಬ್ಯಾಂಕುಗಳ ಲಾಭ ದರದ ಏರಿಳಿತಕ್ಕೆ ಅಷ್ಟಾಗಿ ಅಲುಗಾಡದಿರುವುದಕ್ಕೆ ಮುಖ್ಯ ಕಾರಣ ಇದೇ.

ಆದರೆ ಒಂದು ವಿಷಯವನ್ನು ನೀವು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಆ 5 ಕೋಟಿ 13 ಲಕ್ಷ ಯಾವ ಲೆಡ್ಜರಿನಲ್ಲಿಯೂ ಇಲ್ಲ. ಠೇವಣಿದಾರ ಇರುವವರೆಗೆ ಅದು ಇದೆ. ಅವನು ಹೊರಟ ದಿನ ಅದೂ ಇಲ್ಲ. ವಿಮೆಯ ಮಾತು ಬರುವುದು ಇಲ್ಲಿಗೆ.

ಠೇವಣಿದಾರ ಹಣ ತೆಗೆಯಲು ಮುಖ್ಯವಾಗಿ ಎರಡು ಕಾರಣಗಳಿರುತ್ತವೆ: ಒಂದು ಭಯ, ಇನ್ನೊಂದು ಹೆಚ್ಚಿನ ಬಡ್ಡಿಯ ಆಸೆ. ವಿಮೆಯು ಮೊದಲನೆಯದಕ್ಕೆ ಮಾತ್ರ ಮದ್ದು. ಬ್ಯಾಂಕಿನ ಸಾಲಪತ್ರಗಳ ಬೆಲೆ ಕುಸಿದಿದೆ ಎಂಬ ಸುದ್ದಿ ಬಂದರೂ, ತನ್ನ ಹಣಕ್ಕೆ ವಿಮೆಯಿದೆ ಎಂದು ತಿಳಿದವನು ಮನೆಯಲ್ಲೇ ಕುಳಿತಿರುತ್ತಾನೆ. ಎದುರು ತೂಕ ಉಳಿಯುತ್ತದೆ. ಸಾಲಪತ್ರಗಳನ್ನು ನಷ್ಟಕ್ಕೆ ಮಾರುವ ಪ್ರಸಂಗ ಬರುವುದಿಲ್ಲ. ನಿಮ್ಮ ಮೊದಲ ಪ್ರಾಧ್ಯಾಪಕರ ಮಾತು ಇಷ್ಟರ ಮಟ್ಟಿಗೆ ಪೂರ್ತಿ ಸರಿ. ಪಕ್ಕದ ಬೀದಿಯ ಬ್ಯಾಂಕು ಎರಡರಷ್ಟು ಬಡ್ಡಿ ಕೊಡುತ್ತೇನೆಂದರೆ, ಅಥವಾ ಮ್ಯೂಚುವಲ್ ಫಂಡ್ ಕೊಡುತ್ತೇನೆಂದರೆ, ಹೊರಟವನನ್ನು ವಿಮೆ ಹಿಡಿದು ನಿಲ್ಲಿಸುವುದಿಲ್ಲ. ಎರಡೂ ಕಡೆ ವಿಮೆಯಿದ್ದರಂತೂ ಹೋಗುವುದು ಇನ್ನೂ ಸುಲಭ.

ಅಮೆರಿಕದ ಸೇವಿಂಗ್ಸ್ ಅಂಡ್ ಲೋನ್ ಸಂಸ್ಥೆಗಳ ಕಥೆಯಲ್ಲಿ ನಡೆದದ್ದು ಇದೇ. ಅವು ಕಟ್ಟುನಿಟ್ಟಾಗಿ ಹೇಳಿದರೆ ವಾಣಿಜ್ಯ ಬ್ಯಾಂಕುಗಳಲ್ಲ. ಠೇವಣಿ ಪಡೆದು ಮನೆ ಸಾಲ ಕೊಡುತ್ತಿದ್ದ ಸಂಸ್ಥೆಗಳು. ಆದರೆ ಈ ವಿಷಯಕ್ಕೆ ಅವುಗಳಿಗಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ. ಮೂವತ್ತು ವರ್ಷ ಅವಧಿಯ ಸ್ಥಿರದರದ ಗೃಹಸಾಲ ಅವುಗಳ ಆಸ್ತಿ. ಪಾಸ್‌ಬುಕ್ಕಿನ ಉಳಿತಾಯ ಅವುಗಳ ಹೊಣೆ. 1979ರ ಅಕ್ಟೋಬರ್‌ನಿಂದ ಪಾಲ್ ವೋಲ್ಕರ್ ಅವರ ನೇತೃತ್ವದ ಫೆಡರಲ್ ರಿಸರ್ವ್ (ಅಮೆರಿಕದ ಕೇಂದ್ರ ಬ್ಯಾಂಕು) ಹಣದುಬ್ಬರವನ್ನು ಮಣಿಸಲು ಬಿಗಿ ನೀತಿ ಹಿಡಿದಾಗ ಅಲ್ಪಾವಧಿಯ ದರ 1981ರ ಹೊತ್ತಿಗೆ ಶೇ 20ರ ಸಮೀಪಕ್ಕೆ ಹೋಯಿತು. ಪಾಸ್‌ಬುಕ್ ಖಾತೆಗೆ ಶೇ 5.5ಕ್ಕಿಂತ ಹೆಚ್ಚು ಕೊಡುವಂತಿಲ್ಲ ಎಂಬ ನಿಯಮವಿತ್ತು. ಜನರ ಹಣವನ್ನು ಅಲ್ಪಾವಧಿಯ ಸಾಲಪತ್ರಗಳಲ್ಲಿ ಹೂಡುವ ಮನಿ ಮಾರ್ಕೆಟ್ ಫಂಡುಗಳು ಅದರ ಎರಡು-ಮೂರು ಪಟ್ಟು ಕೊಡುತ್ತಿದ್ದವು. 1977ರಲ್ಲಿ ಕೆಲವೇ ಶತಕೋಟಿ ಡಾಲರ್ ಇದ್ದ ಆ ಫಂಡುಗಳ ಮೊತ್ತ 1982ರ ವೇಳೆಗೆ 200 ಶತಕೋಟಿ ಡಾಲರ್ ದಾಟಿತು. ವಿಮೆಯಿದ್ದ ಠೇವಣಿ ವಿಮೆಯಿಲ್ಲದ ಫಂಡಿಗೆ ಹರಿದುಹೋಯಿತು. ಭಯಕ್ಕಿದ್ದ ಮದ್ದು ಆಸೆಗೆ ನಾಟಲಿಲ್ಲ.

ಇಲ್ಲಿಯವರೆಗಿನದು ಕಥೆಯ ಅರ್ಧ. ಉಳಿದರ್ಧ ನಿಮ್ಮ ಎರಡನೆಯ ಪ್ರಾಧ್ಯಾಪಕರ ಪರವಾಗಿದೆ. ಗೃಹಸಾಲಗಳನ್ನು ಮಾರುಕಟ್ಟೆ ಬೆಲೆಯಲ್ಲಿ ಲೆಕ್ಕ ಹಾಕಿದರೆ 1980ರ ದಶಕದ ಆರಂಭದಲ್ಲಿ ಆ ಉದ್ಯಮದ ಬಂಡವಾಳ ಒಟ್ಟಾರೆಯಾಗಿ ಶೂನ್ಯಕ್ಕಿಂತ ಕೆಳಗೆ ಹೋಗಿತ್ತು. ವಿಮೆಯಿಲ್ಲದ ಕಾಲವಾಗಿದ್ದರೆ ಬಾಗಿಲಲ್ಲಿ ಸಾಲು ನಿಂತು ಅವು ಮುಚ್ಚುತ್ತಿದ್ದವು. ಆದರೆ 1980ರ ಕಾನೂನು ವಿಮೆಯ ಮಿತಿಯನ್ನು 40,000 ಡಾಲರಿನಿಂದ 1,00,000 ಡಾಲರಿಗೆ ಏರಿಸಿತ್ತು, ಬಡ್ಡಿಯ ಮೇಲಿದ್ದ ಮಿತಿಗಳನ್ನು ಹಂತಹಂತವಾಗಿ ತೆಗೆಯುವುದಕ್ಕೂ ದಾರಿ ಮಾಡಿತ್ತು. ಬಂಡವಾಳವೇ ಇಲ್ಲದ ಸಂಸ್ಥೆಯೂ ಒಂದಿಷ್ಟು ಹೆಚ್ಚು ಬಡ್ಡಿ ಕೊಟ್ಟರೆ ದೇಶದ ಯಾವ ಮೂಲೆಯಿಂದಲಾದರೂ ದಲ್ಲಾಳಿಗಳ ಮೂಲಕ ವಿಮೆಯುಳ್ಳ ಠೇವಣಿ ತರಿಸಬಹುದಾಗಿತ್ತು. ಕೊಡುವವನಿಗೆ ಸಂಸ್ಥೆಯ ಗಟ್ಟಿತನ ವಿಚಾರಿಸುವ ಅಗತ್ಯವಿರಲಿಲ್ಲ. ಸಂಸ್ಥೆಯ ಮಾಲೀಕನಿಗೆ ಕಳೆದುಕೊಳ್ಳಲು ಸ್ವಂತದ್ದೇನೂ ಉಳಿದಿರಲಿಲ್ಲ. ದರ ಇಳಿದರೆ ಅಥವಾ ಹೊಸ ರಿಯಲ್ ಎಸ್ಟೇಟ್ ಸಾಹಸ ಗೆದ್ದರೆ ಲಾಭ ಅವನದು, ಸೋತರೆ ನಷ್ಟ ವಿಮಾ ನಿಧಿಯದು. 1982ರ ನಂತರ ದರ ಇಳಿಯಿತು, ಕೆಲವು ಸಂಸ್ಥೆಗಳು ಚೇತರಿಸಿಕೊಂಡವು. ಆದರೆ ಅನೇಕವು ಬಡ್ಡಿಯಲ್ಲಿ ಕಳೆದದ್ದನ್ನು ಜೂಜಿನಂತಹ ಸಾಲಗಳಲ್ಲಿ ಗಳಿಸಲು ಹೋಗಿ ಇನ್ನೂ ಆಳಕ್ಕೆ ಇಳಿದವು. 1986ರಿಂದ 1995ರವರೆಗೆ ಸಾವಿರಕ್ಕೂ ಹೆಚ್ಚು ಸಂಸ್ಥೆಗಳು ಮುಚ್ಚಿದವು, ಅವುಗಳಿಗೆ ವಿಮೆ ನೀಡಿದ್ದ ನಿಗಮವೇ ದಿವಾಳಿಯಾಗಿ 1989ರಲ್ಲಿ ರದ್ದಾಯಿತು, ಮತ್ತು ತೆರಿಗೆದಾರರ ಮೇಲೆ ಬಿದ್ದ ಹೊರೆ ಸುಮಾರು 124 ಶತಕೋಟಿ ಡಾಲರ್.

ಇದರಿಂದ ತಿಳಿಯಬೇಕಾದದ್ದು ಏನೆಂದರೆ, ವಿಮೆಯುಳ್ಳ ಠೇವಣಿಯು ಬ್ಯಾಂಕಿಗೆ ಸಮಯವನ್ನು ಕೊಡುತ್ತದೆ. ನಷ್ಟ ತಾತ್ಕಾಲಿಕವಾಗಿದ್ದರೆ ಆ ಸಮಯ ಅಮೃತ. ಬಂಡವಾಳ ಹೋಗಿಯೇಬಿಟ್ಟಿದ್ದರೆ ಅದೇ ಸಮಯದಲ್ಲಿ ನಷ್ಟ ದುಪ್ಪಟ್ಟಾಗುತ್ತದೆ. ಅರ್ಥಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಅವರು 1977ರಲ್ಲಿ ಠೇವಣಿ ವಿಮೆಯನ್ನು ಷೇರುಪೇಟೆಯ ಪುಟ್ ಆಪ್ಷನ್‌ಗೆ (ಮೊದಲೇ ಗೊತ್ತುಮಾಡಿದ ಬೆಲೆಗೆ ಮಾರುವ ಹಕ್ಕಿಗೆ) ಹೋಲಿಸಿ ಇದರ ಬೆಲೆ ಕಟ್ಟುವ ದಾರಿ ತೋರಿಸಿದರು: ಆಸ್ತಿಯ ಬೆಲೆ ಹೊಣೆಗಿಂತ ಕೆಳಗಿಳಿದರೆ ಅದನ್ನು ವಿಮಾ ಸಂಸ್ಥೆಯ ತಲೆಗೆ ಕಟ್ಟುವ ಹಕ್ಕು ಬ್ಯಾಂಕಿನ ಮಾಲೀಕರಿಗಿರುತ್ತದೆ. ಆಸ್ತಿಯ ಬೆಲೆ ಹೆಚ್ಚು ಏರಿಳಿದಷ್ಟೂ ಆ ಹಕ್ಕಿನ ಬೆಲೆ ಹೆಚ್ಚು. ದೀರ್ಘಾವಧಿಯ ಸಾಲಪತ್ರವನ್ನು ಹೆಚ್ಚು ಕೊಂಡರೆ ಏರಿಳಿತ ಹೆಚ್ಚುತ್ತದೆ. ವಿಮೆಯ ಕಂತು ಮಾತ್ರ ಎಲ್ಲರಿಗೂ ಒಂದೇ ಆಗಿದ್ದರೆ, ಎಚ್ಚರದ ಬ್ಯಾಂಕು ಕಟ್ಟಿದ ಕಂತಿನಲ್ಲಿ ಸಾಹಸಿ ಬ್ಯಾಂಕು ಅಪಾಯ ಹೊರುತ್ತದೆ. ಅಮೆರಿಕ 1991ರ ಕಾನೂನಿನಲ್ಲಿ ಅಪಾಯಕ್ಕೆ ತಕ್ಕ ಕಂತನ್ನೂ, ಬಂಡವಾಳ ಕುಸಿದೊಡನೆ ಮೇಲ್ವಿಚಾರಕರು ಮಧ್ಯೆ ಪ್ರವೇಶಿಸಲೇಬೇಕೆಂಬ ಕಡ್ಡಾಯವನ್ನೂ ತಂದದ್ದು ಈ ಪೆಟ್ಟು ತಿಂದ ಮೇಲೆ.

ಮೂವತ್ತು ವರ್ಷಗಳ ನಂತರ ಸಿಲಿಕಾನ್ ವ್ಯಾಲಿ ಬ್ಯಾಂಕಿನಲ್ಲಿ ಚಿತ್ರ ಮಗುಚಿತು. ಅದರ ಗ್ರಾಹಕರು ತಂತ್ರಜ್ಞಾನದ ಸ್ಟಾರ್ಟಪ್‌ಗಳು. ನಮ್ಮ ದೇಶದ ಹಲವು ಸ್ಟಾರ್ಟಪ್‌ಗಳ ಹಣವೂ ಅಲ್ಲಿತ್ತು. 2022ರ ಕೊನೆಯಲ್ಲಿ ಅದರ ಆಸ್ತಿ 209 ಶತಕೋಟಿ ಡಾಲರ್. ಬಡ್ಡಿ ಸೊನ್ನೆಯ ಹತ್ತಿರವಿದ್ದಾಗ ಹರಿದುಬಂದ ಠೇವಣಿಯನ್ನು ಅದು ದೀರ್ಘಾವಧಿಯ ಸಾಲಪತ್ರಗಳಲ್ಲಿ ತೊಡಗಿಸಿತ್ತು. ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳುವುದಾಗಿ ಘೋಷಿಸಿದ ಪತ್ರಗಳೇ 91 ಶತಕೋಟಿ. ಫೆಡರಲ್ ರಿಸರ್ವ್ ಒಂದೇ ವರ್ಷದಲ್ಲಿ ದರವನ್ನು ನಾಲ್ಕೂಕಾಲು ಶೇಕಡಾ ಅಂಶ ಏರಿಸಿದ್ದರಿಂದ ಅವುಗಳ ಮಾರುಕಟ್ಟೆ ಬೆಲೆ ಸುಮಾರು 76 ಶತಕೋಟಿಗೆ ಇಳಿದಿತ್ತು. ಆ 15 ಶತಕೋಟಿಯ ನಷ್ಟ ಬ್ಯಾಂಕಿನ ಬಂಡವಾಳಕ್ಕೆ ಹೆಚ್ಚುಕಡಿಮೆ ಸಮ. ಇಷ್ಟೇ ಆಗಿದ್ದರೆ ಅದು ಇತರ ಅನೇಕ ಬ್ಯಾಂಕುಗಳ ಸ್ಥಿತಿಯೂ ಹೌದು. ಅಮೆರಿಕದ ಬ್ಯಾಂಕುಗಳ ಇಂತಹ ಕಾಣದ ನಷ್ಟ ಒಟ್ಟು 620 ಶತಕೋಟಿ ಡಾಲರಿನಷ್ಟಿತ್ತು. ವ್ಯತ್ಯಾಸವಿದ್ದದ್ದು ಠೇವಣಿಯ ಗುಣದಲ್ಲಿ. ಆ ದೇಶದಲ್ಲಿ ವಿಮೆಯ ಮಿತಿ 2,50,000 ಡಾಲರ್. ಈ ಬ್ಯಾಂಕಿನ ಠೇವಣಿಯ ಮೊತ್ತದಲ್ಲಿ ಸುಮಾರು ಶೇ 94ರಷ್ಟು ವಿಮೆಯ ಹೊರಗಿತ್ತು.

2023ರ ಮಾರ್ಚ್ 8ರಂದು ಬ್ಯಾಂಕು 21 ಶತಕೋಟಿಯ ಪತ್ರಗಳನ್ನು 1.8 ಶತಕೋಟಿ ನಷ್ಟಕ್ಕೆ ಮಾರಿದ್ದಾಗಿಯೂ ಹೊಸ ಬಂಡವಾಳ ಬೇಕೆಂದೂ ಪ್ರಕಟಿಸಿತು. ಮರುದಿನ ಒಂದೇ ದಿನದಲ್ಲಿ 42 ಶತಕೋಟಿ ಡಾಲರ್ ಹೊರಗೆ ಹೋಯಿತು. ಅದರ ಮರುದಿನಕ್ಕೆ ಇನ್ನೂ 100 ಶತಕೋಟಿಯ ಬೇಡಿಕೆ ಸಾಲುಗಟ್ಟಿತ್ತು. ಮಾರ್ಚ್ 10ರಂದು ಬ್ಯಾಂಕು ಮುಚ್ಚಿತು. ನನ್ನನ್ನು ಹೆಚ್ಚು ಕಾಡಿದ ಸಂಗತಿ ಮಾತ್ರ ಅದಕ್ಕೂ ಒಂದು ವರ್ಷ ಮೊದಲಿನದು. ಅಪಾಯದ ಅಳತೆ ಮಿತಿ ಮೀರುತ್ತಿದ್ದಾಗ, ಆ ಬ್ಯಾಂಕಿನ ಆಡಳಿತ ಠೇವಣಿಗಳು ಇನ್ನೂ ಹೆಚ್ಚು ಕಾಲ ಉಳಿಯುತ್ತವೆ ಎಂದು ತನ್ನ ಲೆಕ್ಕದ ಊಹೆಯನ್ನೇ ಬದಲಿಸಿತು, ದರ ಏರಿಕೆಯಿಂದ ರಕ್ಷಣೆ ಕೊಡುತ್ತಿದ್ದ ಹೆಡ್ಜ್‌ಗಳನ್ನೂ ತೆಗೆದುಹಾಕಿತು. ಮಲೆನಾಡಿನ ಅಡಿಕೆ ಬೆಳೆಗಾರನ ಪಾಸ್‌ಬುಕ್ಕಿಗೆ ಸಲ್ಲಬೇಕಾದ ಊಹೆಯನ್ನು, ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿ ಕೋಟ್ಯಂತರ ಡಾಲರ್ ಸಾಗಿಸಬಲ್ಲ, ವಿಮೆಯೇ ಇಲ್ಲದ ಕಂಪನಿ ಖಾತೆಗೆ ಅನ್ವಯಿಸಿದಂತಾಯಿತು. ನಮ್ಮ ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಅವರು ಆ 5 ಕೋಟಿ 13 ಲಕ್ಷವನ್ನು ಪೂರ್ತಿ ತಮ್ಮದೆಂದೇ ಬರೆದುಕೊಂಡಿದ್ದರು.

ಎರಡೂ ಕಥೆಗಳನ್ನು ಅಕ್ಕಪಕ್ಕ ಇಟ್ಟರೆ ನಿಮ್ಮ ಪ್ರಶ್ನೆಗೆ ಉತ್ತರ ತಾನಾಗಿ ತೆರೆದುಕೊಳ್ಳುತ್ತದೆ. ಠೇವಣಿಗೆ ವಿಮೆ ಇದ್ದಲ್ಲಿ ಬಡ್ಡಿದರದ ನಷ್ಟ ಸದ್ದಿಲ್ಲದೆ ವರ್ಷಗಟ್ಟಲೆ ಬೆಳೆಯಬಹುದು. ವಿಮೆ ಇಲ್ಲದಲ್ಲಿ ಅದು ಎರಡು ದಿನದಲ್ಲಿ ಸ್ಫೋಟಿಸಬಹುದು.

ಇನ್ನು ನಮ್ಮ ದೇಶದ ಮಾತು. 1960ರಲ್ಲಿ ಲಕ್ಷ್ಮಿ ಬ್ಯಾಂಕ್ ಮತ್ತು ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕ್ ಮುಳುಗಿದ ಮೇಲೆ ಕಾನೂನು ಬಂದು, 1962ರ ಜನವರಿ 1ರಿಂದ 1,500 ರೂಪಾಯಿಯ ಮಿತಿಯೊಂದಿಗೆ ಠೇವಣಿ ವಿಮೆ ಆರಂಭವಾಯಿತು. 1993ರಲ್ಲಿ ಅದು 1 ಲಕ್ಷವಾಗಿ, 2020ರ ಫೆಬ್ರವರಿ 4ರಿಂದ 5 ಲಕ್ಷವಾಗಿದೆ. ಖಾತೆಗಳ ಸಂಖ್ಯೆಯಲ್ಲಿ ಶೇ 97ಕ್ಕೂ ಹೆಚ್ಚಿನವು ಈ ಮಿತಿಯೊಳಗೆ ಪೂರ್ತಿ ಬರುತ್ತವೆ. ಹಣದ ಮೊತ್ತದಲ್ಲಿ ನೋಡಿದರೆ ವಿಮೆಯೊಳಗಿರುವುದು ಅರ್ಧಕ್ಕಿಂತ ಕಡಿಮೆ. ಆದರೂ ಆ ಹೊರಗಿನ ಅರ್ಧ ಸುಲಭವಾಗಿ ಓಡುವುದಿಲ್ಲ. ಸರ್ಕಾರಿ ಬ್ಯಾಂಕನ್ನು ಮುಳುಗಲು ಸರ್ಕಾರ ಬಿಡುವುದಿಲ್ಲ ಎಂಬ ನಂಬಿಕೆ ಕಾಗದದ ಮೇಲಿನ ವಿಮೆಗಿಂತ ದೊಡ್ಡ ವಿಮೆಯಾಗಿ ಕೆಲಸ ಮಾಡುತ್ತಿದೆ, ಮತ್ತು 2020ರಲ್ಲಿ ಯೆಸ್ ಬ್ಯಾಂಕ್, ಲಕ್ಷ್ಮಿ ವಿಲಾಸ್ ಬ್ಯಾಂಕ್‌ಗಳ ಠೇವಣಿದಾರರ ಅಸಲು ಉಳಿದದ್ದು ಖಾಸಗಿ ಬ್ಯಾಂಕುಗಳ ಬಗ್ಗೆಯೂ ಆ ನಂಬಿಕೆಯನ್ನು ಬೆಳೆಸಿತು. ಬರೆದಿಲ್ಲದ ಈ ವಿಮೆಗೆ ಯಾರೂ ಕಂತು ಕಟ್ಟುವುದಿಲ್ಲ ಎಂಬುದನ್ನು ನಿಮ್ಮ ಅಧ್ಯಯನದಲ್ಲಿ ಮರೆಯಬೇಡಿ.

ಅಪಾಯದ ದಿಕ್ಕೂ ನಮ್ಮಲ್ಲಿ ಬೇರೆ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಕೊಡುವ ಹೊಸ ಬದಲಾಗುವ ದರದ ಗೃಹಸಾಲ, ವಾಹನ ಸಾಲ ಮತ್ತು ಸಣ್ಣ ಉದ್ದಿಮೆಗಳ ಸಾಲಗಳು ರೆಪೊದಂತಹ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಅಲ್ಪಾವಧಿಗೆ ಸಾಲ ಕೊಡುವ ದರ) ಹೊರಗಿನ ದರಕ್ಕೆ ಜೋಡಿಸಲ್ಪಟ್ಟಿವೆ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರೆಪೊ ಶೇ 4ರಿಂದ ಶೇ 6.5ಕ್ಕೆ ಏರಿದಾಗ ಸಾಲಗಾರರ ಕಂತು ಅಥವಾ ಅವಧಿ ಹೆಚ್ಚಿತು, ದೊಡ್ಡ ಬ್ಯಾಂಕುಗಳ ಉಳಿತಾಯದ ದರ ಶೇ 3ರ ಆಸುಪಾಸಿನಲ್ಲೇ ನಿಂತಿತು, ಬ್ಯಾಂಕುಗಳ ಬಡ್ಡಿಯ ಅಂತರ ಹಿಗ್ಗಿತು. 2025ರ ಫೆಬ್ರವರಿಯಿಂದ ಜೂನ್‌ವರೆಗೆ ಅದೇ ರೆಪೊ ಒಂದು ಶೇಕಡಾ ಅಂಶ ಇಳಿದಾಗ ಸಾಲದ ದರ ಕೂಡಲೇ ಇಳಿಯಿತು, ಹಳೆಯ ಎಫ್‌ಡಿಗಳ ದರ ಅವಧಿ ಮುಗಿಯುವವರೆಗೆ ಇಳಿಯಲಿಲ್ಲ, ಅಂತರ ಕುಗ್ಗಿತು. ಅಮೆರಿಕದಲ್ಲಿ ಬ್ಯಾಂಕು ಹೊತ್ತ ಅಪಾಯದ ದೊಡ್ಡ ಪಾಲನ್ನು ಇಲ್ಲಿ ಮನೆ ಸಾಲ ಮಾಡಿದ ಕುಟುಂಬ ಹೊತ್ತಿದೆ. ಉಳಿದ ಪಾಲು, ಶಾಸನಬದ್ಧವಾಗಿ ಠೇವಣಿಯ ಶೇ 18ರಷ್ಟನ್ನಾದರೂ ಸುರಕ್ಷಿತ ಆಸ್ತಿಗಳಲ್ಲಿ ಇಡಬೇಕಾದ್ದರಿಂದ ಬ್ಯಾಂಕುಗಳು ಕೊಳ್ಳುವ ಸರ್ಕಾರಿ ಸಾಲಪತ್ರಗಳಲ್ಲಿದೆ. ದರ ಏರಿದಾಗ ಅಲ್ಲಿ ಪೆಟ್ಟು ಬೀಳುತ್ತದೆ. 2018ರ ಏಪ್ರಿಲ್‌ನಲ್ಲಿ ಅಂತಹ ನಷ್ಟವನ್ನು ನಾಲ್ಕು ತ್ರೈಮಾಸಿಕಗಳಿಗೆ ಹಂಚಲು ರಿಸರ್ವ್ ಬ್ಯಾಂಕ್ ಅವಕಾಶ ಕೊಡಬೇಕಾಯಿತು.

ವಿಮೆಯ ಕಂತು 2020ರ ಏಪ್ರಿಲ್‌ನಿಂದ ನೂರು ರೂಪಾಯಿ ಠೇವಣಿಗೆ ವರ್ಷಕ್ಕೆ 12 ಪೈಸೆ, ಎಲ್ಲ ಬ್ಯಾಂಕಿಗೂ ಒಂದೇ ಆಗಿತ್ತು. ಅಪಾಯಕ್ಕೆ ತಕ್ಕ ಕಂತನ್ನು ಜಾರಿಗೆ ತರುವುದಾಗಿ ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ್ದು ಸರಿಯಾದ ಹೆಜ್ಜೆ ಎಂದೇ ನನ್ನ ಅಭಿಪ್ರಾಯ. ಆ ಅಪಾಯದ ಅಳತೆಯಲ್ಲಿ ಕೆಟ್ಟ ಸಾಲದ ಜೊತೆಗೆ ಬಡ್ಡಿದರದ ಅಂತರಕ್ಕೂ ಸಾಕಷ್ಟು ತೂಕ ಇರಬೇಕು.

ಮಿತಿಯನ್ನು ಹೆಚ್ಚಿಸಬೇಕೇ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ: ಎಲ್ಲರಿಗೂ ಒಂದೇ ಸಮನೆ ದೊಡ್ಡದಾಗಿ ಹೆಚ್ಚಿಸುವುದಕ್ಕಿಂತ, ಯಾರ ಹಣ ಓಡಿದರೆ ಪೆಟ್ಟು ದೊಡ್ಡದೋ, ಯಾರಿಗೆ ಬ್ಯಾಂಕಿನ ಆರೋಗ್ಯ ಅಳೆಯುವ ಶಕ್ತಿ ಇಲ್ಲವೋ ಅವರಿಗೆ ಹೆಚ್ಚಿಸುವುದು ಮೇಲು. ಸಂಬಳ ಕೊಡಲು ಸಣ್ಣ ಕಾರ್ಖಾನೆ ಇಟ್ಟುಕೊಳ್ಳುವ ಚಾಲ್ತಿ ಖಾತೆ, ನಿವೃತ್ತರ ಇಡುಗಂಟು ಇಂತಹವು. ಸಿಲಿಕಾನ್ ವ್ಯಾಲಿ ಬ್ಯಾಂಕಿನ ನಂತರ ಅಮೆರಿಕದ ವಿಮಾ ನಿಗಮವೂ 2023ರ ಮೇ ತಿಂಗಳಲ್ಲಿ ಉದ್ದಿಮೆಗಳ ಪಾವತಿ ಖಾತೆಗಳಿಗೆ ಮಾತ್ರ ಹೆಚ್ಚಿನ ರಕ್ಷಣೆ ಕೊಡುವ ದಾರಿಯೇ ಉಚಿತವೆಂದು ಹೇಳಿತು. ಹೀಗೆ ಮಾಡಿದರೆ ಎದುರು ತೂಕದ ಠೇವಣಿ ಗಟ್ಟಿಯಾಗುತ್ತದೆ, ದೊಡ್ಡ ಹೂಡಿಕೆದಾರ ಬ್ಯಾಂಕಿನ ಮೇಲೆ ಕಣ್ಣಿಡುವುದೂ ತಪ್ಪುವುದಿಲ್ಲ. ಆದರೆ ಮಿತಿ ಹೆಚ್ಚಿದಷ್ಟೂ ಸಾಲಪತ್ರಗಳ ಕಾಣದ ನಷ್ಟವನ್ನು ಮೇಲ್ವಿಚಾರಕರು ಬೇಗ ಕಂಡುಹಿಡಿದು, ಬಂಡವಾಳ ತರಿಸಲೇಬೇಕು. ಠೇವಣಿದಾರ ಬಿಟ್ಟುಕೊಟ್ಟ ಕಾವಲನ್ನು ಬೇರೆ ಯಾರೂ ಮಾಡುವವರಿಲ್ಲ.

ನೀವು ಇದರ ಮೇಲೆ ಕಿರುಪ್ರಬಂಧ ಬರೆಯುವುದಾದರೆ ಒಂದು ಬ್ಯಾಂಕಿನ ವಾರ್ಷಿಕ ವರದಿಯನ್ನು ತೆರೆದು ಮೂರು ಕಡೆ ನೋಡಿ. ಆಸ್ತಿ ಮತ್ತು ಹೊಣೆಗಳನ್ನು ಅವಧಿವಾರು ಹಂಚಿದ ಕೋಷ್ಟಕ ಒಂದು. ದರ ಏರಿದರೆ ಇಳಿದರೆ ಬಂಡವಾಳದ ಮೌಲ್ಯ ಮತ್ತು ಬಡ್ಡಿಯ ಆದಾಯ ಎಷ್ಟು ಬದಲಾಗುತ್ತದೆ ಎಂದು ಬಾಸೆಲ್ ಎಂಬ ಅಂತರರಾಷ್ಟ್ರೀಯ ಬ್ಯಾಂಕಿಂಗ್ ನಿಯಮದಡಿ ಕೊಡುವ ಅಂಕಿ ಎರಡನೆಯದು. ಅತಿ ದೊಡ್ಡ 20 ಠೇವಣಿದಾರರ ಪಾಲು ಮೂರನೆಯದು. ಮೊದಲೆರಡನ್ನು ಎಲ್ಲರೂ ಓದುತ್ತಾರೆ. ಮೂರನೆಯ ಅಂಕಿ ದೊಡ್ಡದಿದ್ದರೆ ಎರಡನೆಯ ಅಂಕಿಯನ್ನು ಎಷ್ಟು ನಂಬಬೇಕು ಎಂದು ಲೆಕ್ಕ ಹಾಕಿ ನೋಡಿ. ಉಳಿತಾಯ ಠೇವಣಿ ಎಷ್ಟು ವರ್ಷ ಉಳಿಯುತ್ತದೆ ಎಂಬ ಊಹೆಯನ್ನು ಹತ್ತರಿಂದ ಐದಕ್ಕೆ, ಐದರಿಂದ ಎರಡಕ್ಕೆ ಇಳಿಸಿ ಮತ್ತೆ ಮತ್ತೆ ಮಾಡಿ. ನಮ್ಮ ಮೇಲಿನ ಲೆಕ್ಕದಲ್ಲಿ ಹತ್ತು ವರ್ಷದ ಬದಲು ಎರಡೇ ವರ್ಷ ಎಂದು ಹಿಡಿದರೆ 5 ಕೋಟಿ 13 ಲಕ್ಷದ ಜಾಗದಲ್ಲಿ ಸಿಗುವುದು ಸುಮಾರು 1 ಕೋಟಿ 41 ಲಕ್ಷ ಮಾತ್ರ.